ಕಡಲ ಲೆಕ್ಕ: ಕರ್ನಾಟಕದ ಕರಾವಳಿಯಲ್ಲಿ ಸಾಗರ ಮೀನು ಸಂಶೋಧನೆ

ಕರ್ನಾಟಕದ ಕಡಲ ಮೀನಿನ ಅಧ್ಯಯನ ಎರಡು ಆಡಳಿತಗಳ ನೆರಳಿನಲ್ಲಿ ಬೇರೆಬೇರೆಯಾಗಿ ಮೊದಲಾಯಿತು. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಕಾರವಾರ ಮುಂಬಯಿಗೆ. ಮದರಾಸು ಸರ್ಕಾರ 1907ರಲ್ಲಿ ಫ್ರೆಡರಿಕ್ ನಿಕಲ್ಸನ್ ಅವರ ಮೇಲ್ವಿಚಾರಣೆಯಲ್ಲಿ ಮೀನುಗಾರಿಕಾ ಬ್ಯೂರೋ ತೆರೆಯಿತು. ಅದರ ಗಮನವೆಲ್ಲ ಮೀನಿಗೆ ಉಪ್ಪು ಹಾಕುವುದು, ಎಣ್ಣೆ ತೆಗೆಯುವುದು, ಉಳಿದದ್ದನ್ನು ಗೊಬ್ಬರ ಮಾಡುವುದರ ಮೇಲಿತ್ತು. ಅದೇ ಇಲಾಖೆಯ ಜೇಮ್ಸ್ ಹಾರ್ನೆಲ್ 1920ರ ದಶಕದಲ್ಲಿ ರಾಮಸ್ವಾಮಿ ನಾಯ್ಡು ಅವರ ಜೊತೆಗೂಡಿ ಬೂತಾಯಿ ಮೀನಿನ ಜೀವನಕ್ರಮದ ಬಗ್ಗೆ ಬರೆದರು. ಮೀನನ್ನು ಸರಕಾಗಿ ನೋಡುತ್ತಿದ್ದ ಕಾಲದಲ್ಲಿ ಅದು ಎಲ್ಲಿ ಮರಿ ಮಾಡುತ್ತದೆ, ಏನು ತಿನ್ನುತ್ತದೆ ಎಂದು ಕೇಳಿದ ಮೊದಲ ಬರಹಗಳಲ್ಲಿ ಅದೊಂದು.

ಇಡೀ ದೇಶಕ್ಕೆ ಒಂದೇ ಸಂಸ್ಥೆ ಬಂದದ್ದು ಸ್ವಾತಂತ್ರ್ಯದ ವರ್ಷದಲ್ಲಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, 1947ರ ಫೆಬ್ರವರಿ 3ರಂದು ಮದರಾಸಿನಲ್ಲಿ ಶುರುವಾಗಿ, 1949ರಲ್ಲಿ ಮಂಡಪಂಗೂ 1970ರ ದಶಕದ ಆರಂಭದಲ್ಲಿ ಕೊಚ್ಚಿಗೂ ಸ್ಥಳಾಂತರವಾಯಿತು. 1967ರಲ್ಲಿ ಅದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಆಡಳಿತಕ್ಕೆ ಸೇರಿತು. ಕನ್ನಡ ಕರಾವಳಿಯಲ್ಲಿ ಅದರ ನೆಲೆಗಳು ಕಾರವಾರ ಮತ್ತು ಮಂಗಳೂರು.

ಕಾರವಾರಕ್ಕೆ ಮೊದಲು ಒಪ್ಪಿಸಿದ ಕೆಲಸ ಬಂಗುಡೆ ಮೀನಿನದು. ಎಲ್.ಬಿ. ಪ್ರಧಾನ್ 1956ರಲ್ಲಿ ಪ್ರಕಟಿಸಿದ ಕಾರವಾರದ ಬಂಗುಡೆ ಮೀನುಗಾರಿಕೆಯ ವರದಿ ಈ ವಿಷಯಕ್ಕೆ ಇಂದಿಗೂ ಆರಂಭದ ಮೆಟ್ಟಿಲು. ಆಗ ಬಂಗುಡೆ ಹಿಡಿಯುತ್ತಿದ್ದುದು ರಂಪಣಿಯಲ್ಲಿ. ದಡದಿಂದ ದೋಣಿಯಲ್ಲಿ ಬಲೆ ಒಯ್ದು, ಮೀನಿನ ಹಿಂಡನ್ನು ಬಳಸಿ ಸುತ್ತುಹಾಕಿ, ಎರಡು ತುದಿಗಳನ್ನೂ ದಡಕ್ಕೆ ಎಳೆಯುವ ಭಾರಿ ಬಲೆ ಅದು. ಹತ್ತಾರು ಜನ ಪಾಲುದಾರರಾದ ರಂಪಣಿ ಫಂಡುಗಳು ಅದನ್ನು ನಡೆಸುತ್ತಿದ್ದವು. ದಡಕ್ಕೆ ತಾನಾಗಿ ಬಂದ ಮೀನಷ್ಟೇ ಅದಕ್ಕೆ ಸಿಗುತ್ತಿತ್ತು. ಹಾಗಾಗಿ ಒಂದು ವರ್ಷ ರಾಶಿ ರಾಶಿ, ಮರುವರ್ಷ ಬರಿಗೈ. ಈ ಏರಿಳಿತಕ್ಕೆ ಕಾರಣವೇನೆಂಬುದೇ ಸಂಶೋಧಕರ ಮೊದಲ ಪ್ರಶ್ನೆಯಾಯಿತು. ಅದು ಪೂರ್ತಿ ಬಗೆಹರಿದಿದೆ ಎನ್ನಲು ಇಂದಿಗೂ ಬರುವುದಿಲ್ಲ.

ಈ ವಿಜ್ಞಾನದ ಮೂಲ ತೊಡಕು ಅಲ್ಲೇ ಇದೆ. ಹೋಲಿಕೆಗೆ ಒಂದು ಉದಾಹರಣೆ: ಬೆಂಗಳೂರಿನ ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ಅಲ್ಲಿನ ವಿಜ್ಞಾನಿಗೆ ಹುಳು ತಟ್ಟೆಯಲ್ಲೂ ಗೂಡು ಚಂದ್ರಿಕೆಯಲ್ಲೂ ಕಣ್ಣೆದುರಿಗೇ ಸಿಗುತ್ತವೆ; ಎಣಿಸಬಹುದು, ತೂಗಬಹುದು. ಕಾರವಾರದ ವಿಜ್ಞಾನಿಗೆ ಸಿಗುವುದು ಸತ್ತ ಮೀನು, ಅದೂ ಮೀನುಗಾರ ಹಿಡಿದು ತಂದಷ್ಟೇ. ಕಾಣದ ಹಿಂಡಿನ ಗಾತ್ರವನ್ನು ದಡಕ್ಕೆ ಬಿದ್ದ ರಾಶಿಯಿಂದ ಊಹಿಸಬೇಕು. ಆದ್ದರಿಂದ ಸಿಎಂಎಫ್‌ಆರ್‌ಐಯ ದೊಡ್ಡ ಸಾಧನೆ ಯಾವುದೆಂದು ಕೇಳಿದರೆ ಹಡಗನ್ನಾಗಲಿ ಉಪಕರಣವನ್ನಾಗಲಿ ತೋರಿಸುವುದಕ್ಕಿಂತ ಬಂದರಿನಲ್ಲಿ ನಿಂತು ಮಾಡುವ ಲೆಕ್ಕವನ್ನು ತೋರಿಸುವುದೇ ನ್ಯಾಯ. 1950ರ ದಶಕದಲ್ಲಿ ರೂಪುಗೊಂಡ ಈ ಮಾದರಿ ಸಮೀಕ್ಷೆಯಲ್ಲಿ ದಿನ ಮತ್ತು ಬಂದರುಗಳನ್ನು ಲಾಟರಿ ಎತ್ತಿದ ಹಾಗೆ ಆರಿಸಲಾಗುತ್ತದೆ. ಸಿಬ್ಬಂದಿ ಒಂದು ದಿನ ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರರವರೆಗೆ, ಮರುದಿನ ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ದಕ್ಕೆಯಲ್ಲಿ ನಿಂತು ಬಂದ ಬೋಟುಗಳನ್ನು ಎಣಿಸಿ, ಕೆಲವು ಬೋಟುಗಳ ಮೀನನ್ನು ಜಾತಿವಾರು ಬರೆದುಕೊಳ್ಳುತ್ತಾರೆ. ರಾತ್ರಿಯದನ್ನು ವಿಚಾರಿಸಿ ತಿಳಿಯುತ್ತಾರೆ. ಅದನ್ನು ಗುಣಿಸಿದರೆ ಜಿಲ್ಲೆಯ, ರಾಜ್ಯದ ಅಂದಾಜು ಸಿಗುತ್ತದೆ. 2010ರ ಗಣತಿಯಂತೆ ಕರ್ನಾಟಕದಲ್ಲಿ 144 ಮೀನುಗಾರ ಹಳ್ಳಿಗಳೂ ಮೀನು ಇಳಿಸುವ 96 ತಾಣಗಳೂ ಇದ್ದವು. ಎಲ್ಲ ಕಡೆ ಎಲ್ಲ ದಿನ ನಿಲ್ಲುವುದು ಯಾರಿಂದಲೂ ಆಗದ ಮಾತು.

ಲೆಕ್ಕ ಸಿಕ್ಕ ಮೇಲೆ ವಯಸ್ಸಿನ ಪ್ರಶ್ನೆ ಎದ್ದಿತು. ತಿಂಗಳು ತಿಂಗಳು ಮೀನಿನ ಉದ್ದ ಅಳೆದು, ಒಂದೇ ಪೀಳಿಗೆ ಹೇಗೆ ಬೆಳೆಯುತ್ತದೆಂದು ಹಿಂಬಾಲಿಸುವುದು ರೂಢಿಯ ಕ್ರಮ. ಮೊದಮೊದಲಿನ ಸಂಶೋಧಕರು ಬಂಗುಡೆ ನಿಧಾನವಾಗಿ ಬೆಳೆಯುತ್ತದೆಂದು ತಿಳಿದಿದ್ದರು. ಅದೇ ಬಗೆಯ ಅಂಕಿಗಳನ್ನು 1970ರ ದಶಕದಲ್ಲಿ ಹೊಸದಾಗಿ ಓದಿದವರು ಅದು ಒಂದೇ ವರ್ಷದಲ್ಲಿ 20 ಸೆಂಟಿಮೀಟರ್ ದಾಟುತ್ತದೆಂದು ವಾದಿಸಿದರು. ಈ ವ್ಯತ್ಯಾಸ ಸಣ್ಣದಲ್ಲ. ನಿಧಾನವಾಗಿ ಬೆಳೆಯುವ ಮೀನನ್ನು ಒಮ್ಮೆ ಬರಿದು ಮಾಡಿದರೆ ಚೇತರಿಸಿಕೊಳ್ಳಲು ವರ್ಷಗಳು ಬೇಕು. ಬೇಗ ಬೆಳೆಯುವುದು ಒಂದೆರಡು ಒಳ್ಳೆಯ ಮಳೆಗಾಲದಲ್ಲೇ ತುಂಬಿಕೊಳ್ಳಬಹುದು.

ಆಹಾರದ ಹುಡುಕಾಟ ಇನ್ನೊಂದು ದಾರಿ ತೆರೆಯಿತು. ಆರ್.ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್ 1955ರಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದರು: ಫ್ರಜಿಲೇರಿಯಾ ಓಷಿಯಾನಿಕಾ ಎಂಬ ಸೂಕ್ಷ್ಮ ಪಾಚಿ ಹೆಚ್ಚಿದಲ್ಲಿ ಬೂತಾಯಿಯೂ ಹೆಚ್ಚು. ಅದು ಅಚ್ಚಾದದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಮೀನನ್ನು ನೋಡದೆ ನೀರನ್ನು ನೋಡಿ ಮೀನು ಎಲ್ಲಿದೆಯೆಂದು ಹೇಳಬಹುದೆಂಬ ಸುಳಿವು ಅದರಲ್ಲಿತ್ತು.

ನೀರಿನ ಅಧ್ಯಯನಕ್ಕೆ ಬಲ ಬಂದದ್ದು 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆಯಿಂದ. ಅದರ ಬೆನ್ನಿಗೇ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿತು. ಈಗ ಅದರ ಕೇಂದ್ರ ಗೋವಾದ ದೋನಾಪಾವ್ಲಾದಲ್ಲಿದೆ. ಮೊದಲ ನಿರ್ದೇಶಕ ಎನ್.ಕೆ. ಪಣಿಕ್ಕರ್ ಅದಕ್ಕೂ ಮುಂಚೆ ಸಿಎಂಎಫ್‌ಆರ್‌ಐಯ ಮುಖ್ಯಸ್ಥರಾಗಿದ್ದವರು. ಈ ಅಧ್ಯಯನಗಳಿಂದ ಚಿತ್ರ ಸ್ಪಷ್ಟವಾಯಿತು: ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೇರಿ ಪೋಷಕಾಂಶ ತರುತ್ತದೆ, ಪಾಚಿ ಸೊಂಪಾಗುತ್ತದೆ, ಬೂತಾಯಿ ಬಂಗುಡೆ ಹಿಂಬಾಲಿಸುತ್ತವೆ. ಆ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ. ಮಳೆಗಾಲದ ಕೊನೆಗೆ ತಳದ ಮೀನು, ಸಿಗಡಿಗಳು ಅದರಿಂದ ತಪ್ಪಿಸಿಕೊಂಡು ಜಾಗ ಬದಲಿಸುತ್ತವೆ. ಮೇವು ತರುವ ನೀರೇ ಉಸಿರು ಕಟ್ಟಿಸುವುದೂ ಹೌದು.

ಹಿಂದಿನ ಪಾಚಿಯ ಸುಳಿವು ಫಲ ಕೊಟ್ಟದ್ದು 1999ರಲ್ಲಿ. ಆ ವರ್ಷದ ಮೇ 26ರಂದು ಹಾರಿದ ಓಷನ್‌ಸ್ಯಾಟ್-1 ಉಪಗ್ರಹ ಕಡಲ ಬಣ್ಣ ಅಳೆಯುವ ಕ್ಯಾಮೆರಾ ಹೊತ್ತಿತ್ತು. ನೀರಿನ ಹಸಿರು ಪಾಚಿಯ ಅಳತೆ. ಅದಕ್ಕೆ ಮೇಲ್ಮೈ ಉಷ್ಣತೆ ಸೇರಿಸಿದರೆ ಮೀನು ಸಿಗಬಹುದಾದ ಜಾಗ ಗೊತ್ತಾಗುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್ಕಾಯ್ಸ್ ಈ ಮುನ್ಸೂಚನೆಯನ್ನು ಬಂದರುಗಳಿಗೆ ಕಳಿಸುತ್ತದೆ. ಮೋಡ ಮುಚ್ಚಿದರೆ ಉಪಗ್ರಹಕ್ಕೆ ಕಡಲ ಬಣ್ಣ ಕಾಣದು, ಅದೊಂದು ಮಿತಿ. ಮೀನು ಹುಡುಕುವ ಸಲಹೆ ಚೆನ್ನಾದಷ್ಟೂ ಮೀನು ಉಳಿಸುವ ಸಲಹೆ ಕಷ್ಟವಾಗುತ್ತದೆ ಎಂಬುದು ಇನ್ನೊಂದು. ಈ ಎರಡನೆಯದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ.

ಅಷ್ಟರೊಳಗೆ ಕಡಲ ಕಸುಬೇ ಬದಲಾಗಿತ್ತು. 1970ರ ದಶಕದ ನಡುವೆ, ಕಡಲಲ್ಲೇ ಹಿಂಡನ್ನು ಬಲೆಯಿಂದ ಸುತ್ತಿ ಹಿಡಿಯುವ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವವರೆಗೆ ಕಾಯುವ ಅಗತ್ಯ ಇಲ್ಲವಾಯಿತು, ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಬಲೆಯನ್ನು ಕಡಲ ತಳದಲ್ಲಿ ಎಳೆಯುವ ಮಂಗಳೂರು, ಮಲ್ಪೆಯ ಟ್ರಾಲ್ ಬೋಟುಗಳು ಹಲವು ದಿನ ಕಡಲಲ್ಲೇ ಉಳಿದು ಆಳದ ಮದಿಮಾಲ್, ಪಾಂಬೋಲ್ ಮೀನು, ಬೊಂಡಾಸ್ (ಸ್ಕ್ವಿಡ್) ತರತೊಡಗಿದವು. ಒಂದೊಂದೇ ಮೀನಿನ ಲೆಕ್ಕ ಸಾಲದಾಯಿತು. ಯಾರು ಯಾರನ್ನು ತಿನ್ನುತ್ತಾರೆಂಬ ಜಾಲವನ್ನೇ ಗಣಿತದಲ್ಲಿ ಕಟ್ಟುವ ಪ್ರಯತ್ನ ನಡೆಯಿತು, ಕೆ.ಎಸ್. ಮೊಹಮದ್ ಮತ್ತು ಸಂಗಡಿಗರು ಕರ್ನಾಟಕದ ಕಡಲಿಗೆಂದೇ ಮಾಡಿದ ಇಂಥ ಮಾದರಿ 2008ರಲ್ಲಿ ಪ್ರಕಟವಾಯಿತು. ಸಿಎಂಎಫ್‌ಆರ್‌ಐಯ ಮಂಗಳೂರು ಕೇಂದ್ರ ಟ್ರಾಲ್ ಬಲೆಗೆ ಬೀಳುವ ಮರಿಮೀನು, ಅಗ್ಗದ ಮೀನಿನ ಬೆನ್ನು ಹತ್ತಿತು. ಹಿಂದೆ ಕಡಲಿಗೇ ಚೆಲ್ಲುತ್ತಿದ್ದ ಇದಕ್ಕೆ ಮೀನುಹಿಟ್ಟಿನ ಕಾರ್ಖಾನೆಗಳಿಂದ ಬೆಲೆ ಬಂದಿತ್ತು. ಬೆಲೆ ಬಂದ ಮೇಲೆ ಬಿಡುವವರಾರು?

ನಿಯಮಗಳು ಹಿಂದೆ ಹಿಂದೆ ಬಂದವು. ಕಡಲ ಮೀನುಗಾರಿಕೆಯ ನಿಯಂತ್ರಣಕ್ಕೆ 1986ರ ರಾಜ್ಯ ಕಾಯ್ದೆ, ಜೂನ್ ಮತ್ತು ಜುಲೈಯ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧ, 2017ರಲ್ಲಿ ಎಲ್‌ಇಡಿ ದೀಪದ ಮೀನುಗಾರಿಕೆಗೆ ಕೇಂದ್ರದ ತಡೆ. ನೆರೆಯ ಕೇರಳ ಸಿಎಂಎಫ್‌ಆರ್‌ಐ ಸಲಹೆಯಂತೆ ಬೂತಾಯಿಗೆ 10, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಅಳತೆ ಗೊತ್ತು ಮಾಡಿತು. ಆದರೂ 2012ರಲ್ಲಿ ಅಲ್ಲಿ ಲಕ್ಷಗಟ್ಟಲೆ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಮರಿಮೀನು ಹಿಡಿದದ್ದನ್ನೂ ಪೆಸಿಫಿಕ್ ಕಡಲು ಬೆಚ್ಚಗಾಗುವ ಎಲ್ ನಿನ್ಯೋವನ್ನೂ ಸಂಶೋಧಕರು ಕಾರಣವಾಗಿ ಹೇಳಿದರು. ಯಾವುದರ ಪಾಲು ಎಷ್ಟೆಂದು ಬೇರ್ಪಡಿಸುವುದು ಸುಲಭವಲ್ಲ.

ಸಿಎಂಎಫ್‌ಆರ್‌ಐಯ ಈಚಿನ ಒಲವು ಮೀನು ಸಾಕಣೆಯ ಕಡೆಗೆ. ಕಾರವಾರದ ಕಡಲಲ್ಲಿಯೂ, ಉಪ್ಪುಂದದಲ್ಲಿ ಅಲ್ಲಿನ ಮೀನುಗಾರರ ಜೊತೆಗೂಡಿಯೂ ಪಂಜರ ಕೃಷಿಯ ಪ್ರಯೋಗಗಳು ನಡೆದಿವೆ. ಪಂಜರದ ಮೀನಿನ ಮೇವಿಗೆ ಹೆಚ್ಚಾಗಿ ಬಳಕೆಯಾಗುವುದು ಬೋಟುಗಳು ತರುವ ಅಗ್ಗದ ಮೀನೇ. ಆ ಮೀನನ್ನು ಈಗ ಜಾತಿವಾರು ಬಿಡಿಸಿ ಬರೆದುಕೊಳ್ಳುವುದೂ ದಕ್ಕೆಯ ಸಮೀಕ್ಷೆಯ ಕೆಲಸಕ್ಕೆ ಸೇರಿದೆ.