ಮಹಡಿಯುಳ್ಳ ಬಸ್ಸು

ಹರಿಹರದಿಂದ ದಾವಣಗೆರೆಗೆ ಸುಮಾರು ಒಂಬತ್ತು ಮೈಲಿಯ ಹಾದಿ. ಉಕ್ಕಡಗಾತ್ರಿಯಲ್ಲಿ ಅಮಾವಾಸ್ಯೆಯ ಜನಸಂದಣಿ ಸೇರುವ ದಿನಗಳಲ್ಲಿ ಈ ಸೀಮೆಯ ಬಸ್ಸುಗಳನ್ನು ಕಂಡವರಿಗೆ ಒಂದು ನೋಟವು ಹೊಸದಲ್ಲ. ಒಳಗೆ ಕಾಲಿಡಲು ಎಡೆಯಿಲ್ಲದಾದಾಗ, ಹರೆಯದವರು ಹಿಂಬದಿಯ ಏಣಿಯನ್ನು ಹಿಡಿದು ಮೇಲೇರಿ, ಮೂಟೆಗಳ ನಡುವೆ ಕುಳಿತುಬಿಡುತ್ತಿದ್ದರು. ಕಾನೂನು ಇದನ್ನು ಒಪ್ಪುವುದಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯು ಸ್ಪಷ್ಟವಾಗಿಯೇ ನಿಷೇಧಿಸಿದೆ. ಆದರೆ ಎರಡಂತಸ್ತಿನ ಬಸ್ಸಿನ ಚರಿತ್ರೆಯನ್ನು ಹುಡುಕುತ್ತ ಹೋದರೆ ನಾವು ಕೊನೆಗೆ ತಲಪುವುದು ಇಂಥದೇ ಒಂದು ಏಣಿಯ ಬುಡವನ್ನು.

ಲಂಡನ್ ನಗರದಲ್ಲಿ ಜಾರ್ಜ್ ಷಿಲಿಬೀರ್ ಎಂಬಾತನು 1829ರ ಜುಲೈ ತಿಂಗಳಲ್ಲಿ ಮೂರು ಕುದುರೆಗಳ ಓಮ್ನಿಬಸ್ಸನ್ನು ಓಡಿಸತೊಡಗಿದನು. ಅದಕ್ಕೆ ಮಹಡಿಯಿರಲಿಲ್ಲ. 1851ರ ಮಹಾ ಪ್ರದರ್ಶನಕ್ಕೆ ಜನರು ಪ್ರವಾಹದಂತೆ ಬಂದಾಗ ಗಂಡಸರು ಬಂಡಿಯ ಛಾವಣಿಯನ್ನೇರಿದರು. ಬಂಡಿಯವರು ಇದರಲ್ಲಿ ಲಾಭವನ್ನು ಕಂಡು, ಛಾವಣಿಯ ನಡುವೆ ಉದ್ದಕ್ಕೂ ಒಂದು ಹಲಗೆಯನ್ನು ಹಾಕಿ, ಬೆನ್ನಿಗೆ ಬೆನ್ನು ಕೊಟ್ಟು ಕೂರುವಂತೆ ಮಾಡಿದರು. ಮೇಲೇರಲು ಕಬ್ಬಿಣದ ಕೆಲವು ಮೆಟ್ಟುಗಳಷ್ಟೇ ಇದ್ದುವು. ಸೀರೆಯುಟ್ಟವರ ಮಾತಿರಲಿ, ಅಂದಿನ ಆಂಗ್ಲ ಮಹಿಳೆಯರಿಗೂ ಅದು ಸಾಧ್ಯವಿರಲಿಲ್ಲ. ಸರಿಯಾದ ಸೋಪಾನವೂ ಮುಂದಕ್ಕೆ ಮುಖಮಾಡಿದ ಪೀಠಗಳೂ ಬಂದದ್ದು ಮೂರು ದಶಕಗಳ ತರುವಾಯ. ಅಂದರೆ ಮಹಡಿಯು ಯಾವ ಶಿಲ್ಪಿಯ ಕಲ್ಪನೆಯೂ ಅಲ್ಲ. ಇಕ್ಕಟ್ಟಿನಲ್ಲಿ ಸಿಕ್ಕಿದ ಜನರೇ ತೋರಿದ ದಾರಿಯನ್ನು ಬಡಗಿಗಳು ಆಮೇಲೆ ನೇರ್ಪಡಿಸಿದರು.

ಮೋಟಾರು ಬಂದ ಮೇಲೆ ಸಮಸ್ಯೆಯು ಬೇರೆಯಾಯಿತು. 1910ರ ಬಿ ಮಾದರಿಯ ಬಸ್ಸಿನಲ್ಲಿ ಒಳಗೆ 16, ಮೇಲೆ 18, ಒಟ್ಟು 34 ಮಂದಿಗೆ ಸ್ಥಳವಿದ್ದಿತು. ಮೇಲಿನವರಿಗೆ ಮಾತ್ರ ಮಳೆಯೇ ಸಂಗಾತಿ. ತಲೆಯ ಮೇಲೆ ಸೂರು ಹಾಕಿದರೆ ಬಂಡಿಯು ಉರುಳೀತೆಂದು ಅಧಿಕಾರಿಗಳು ಶಂಕಿಸಿ, 1925ರವರೆಗೂ ಒಪ್ಪಿಗೆ ಕೊಡಲಿಲ್ಲ. ಈ ಶಂಕೆಯು ಸಾಮಾನ್ಯರಲ್ಲಿ ಇಂದಿಗೂ ಉಳಿದಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುವುದು ಒಳ್ಳೆಯದು.

ಒಂದು ವಸ್ತುವು ಉರುಳುವುದು ಅದರ ಎತ್ತರದಿಂದಲ್ಲ, ಭಾರವು ಎಲ್ಲಿ ನೆಲೆಸಿದೆ ಎಂಬುದರಿಂದ. ಬುಡದಲ್ಲಿ ಸೀಸವನ್ನು ತುಂಬಿದ ಗೊಂಬೆಯನ್ನು ಎಷ್ಟು ಬಾಗಿಸಿದರೂ ಅದು ಎದ್ದುನಿಲ್ಲುವುದನ್ನು ನಾವೆಲ್ಲ ಬಲ್ಲೆವು. ಮಹಡಿ ಬಸ್ಸಿನಲ್ಲಿಯೂ ಎಂಜಿನು, ಅಚ್ಚುಗಳು, ಉಕ್ಕಿನ ಚೌಕಟ್ಟು ಇವೆಲ್ಲ ಕೆಳಗಿರುವುವು. ಮೇಲಿರುವುದು ತೆಳುವಾದ ತಗಡು, ಗಾಜು ಮತ್ತು ಕುಳಿತ ಜನರು. 1923ರ ಎನ್‌.ಎಸ್‌. ಮಾದರಿಯಲ್ಲಿ ಚೌಕಟ್ಟನ್ನೇ ಬಾಗಿಸಿ ನೆಲವನ್ನು ತಗ್ಗಿಸಿದುದರಿಂದ, ಒಂದೇ ಹೆಜ್ಜೆಯಲ್ಲಿ ಬೀದಿಯಿಂದ ಬಸ್ಸಿನೊಳಕ್ಕೆ ಹೋಗುವಂತಾಯಿತು, ಭಾರವೂ ಕೆಳಗಿಳಿಯಿತು. ಇಂಗ್ಲೆಂಡಿನಲ್ಲಿ ಇಂತಹ ಬಂಡಿಯ ಮಹಡಿಯನ್ನು ಮಾತ್ರ ಪೂರ್ತಿ ಹೊರೆಯಿಂದ ತುಂಬಿ, ಕೆಳಗಣ ಅಂತಸ್ತನ್ನು ಬರಿದಾಗಿ ಬಿಟ್ಟು, 28 ಡಿಗ್ರಿಯವರೆಗೆ ಪಕ್ಕಕ್ಕೆ ಓರೆಮಾಡಿ ನೋಡುತ್ತಾರೆ. ಉರುಳಿದರೆ ಅದು ಬೀದಿಗೆ ಬರಕೂಡದು. ಮಹಡಿಯಲ್ಲಿ ನಿಂತು ಹೋಗಕೂಡದೆಂಬ ನಿಯಮಕ್ಕೂ ಭಾರದ ಲೆಕ್ಕವೇ ಒಂದು ಕಾರಣ; ನಿರ್ವಾಹಕನ ಗದರಿಕೆಯೆಂದು ಅದನ್ನು ತಿಳಿಯಬಾರದು.

ಎರಡನೆಯ ತೊಡಕು ಸೇತುವೆಗಳದು. ಸಾಮಾನ್ಯವಾದ ಮಹಡಿ ಬಸ್ಸು ಹದಿನಾಲ್ಕೂವರೆ ಅಡಿ ಎತ್ತರವಿರುವುದು. ರೈಲುಹಾದಿಯ ಕೆಳಗೆ ಅದು ಹಲವೆಡೆ ತೂರಲಾರದು. 1927ರ ಲೇಲೆಂಡ್ ಟೈಟನ್ ಬಸ್ಸಿನವರು ಇದಕ್ಕೊಂದು ಉಪಾಯವನ್ನು ಹೂಡಿದರು. ಮಹಡಿಯ ನಡೆದಾರಿಯನ್ನು ನಡುವಿನಿಂದ ತೆಗೆದು ಒಂದು ಪಕ್ಕಕ್ಕೆ ತಂದು, ಅದನ್ನು ಕಾಲುವೆಯಂತೆ ತಗ್ಗಿಸಿದರು. ಉಳಿದ ಅಗಲಕ್ಕೆ ನಾಲ್ವರು ಕೂರುವ ಬೆಂಚುಗಳು. ಎತ್ತರವು ಹದಿಮೂರು ಅಡಿಗಿಳಿಯಿತು. ಆದರೆ ಆ ಕಾಲುವೆಯು ಕೆಳಗೆ ಕುಳಿತವರ ನೆತ್ತಿಯ ಮೇಲೆಯೇ ಇಳಿದುದರಿಂದ, ಏಳುವಾಗ ತಲೆ ತಗ್ಗಿಸಿರೆಂದು ಬರೆದು ಹಾಕಬೇಕಾಯಿತು. ಕಿಟಕಿಯ ಬಳಿಯಿದ್ದವನು ಇಳಿಯಬೇಕಾದರೆ ಮೂವರ ಮೊಣಕಾಲುಗಳನ್ನು ದಾಟಬೇಕು. ಯಂತ್ರಶಿಲ್ಪದಲ್ಲಿ ಒಂದು ಕಡೆ ಉಳಿಸಿದ ಅಂಗುಲಕ್ಕೆ ಇನ್ನೊಂದು ಕಡೆ ಯಾರಾದರೂ ತೆರಿಗೆ ಕಟ್ಟುತ್ತಲೇ ಇರುತ್ತಾರೆ.

ನಮ್ಮ ದೇಶಕ್ಕೆ ಬಂದರೆ, ಮುಂಬಯಿಯಲ್ಲಿ 1920ರಲ್ಲಿ ಮಹಡಿ ಟ್ರಾಮೂ 1926ರ ಜುಲೈ 15ರಂದು ಮೋಟಾರು ಬಸ್ಸೂ 1937ರಲ್ಲಿ ಮಹಡಿ ಬಸ್ಸೂ ಓಡಾಡತೊಡಗಿದುವು. ಬೆಂಗಳೂರಿನಲ್ಲಿ 1940ರಲ್ಲಿ ಖಾಸಗಿ ಕಂಪೆನಿಯಾಗಿ ಹುಟ್ಟಿದ ನಗರ ಸಾರಿಗೆಯು 1956ರಲ್ಲಿ ಸರ್ಕಾರದ ಕೈಸೇರಿತು. ಮದರಾಸಿನ ಅಶೋಕ್ ಲೇಲೆಂಡಿನವರು 1967ರಲ್ಲಿ ಟೈಟನ್ ಹೆಸರಿನ ಚೌಕಟ್ಟನ್ನು ಇಲ್ಲಿಯೇ ತಯಾರಿಸಿದ ಮೇಲೆ, ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಬಿ.ಟಿ.ಎಸ್‌.ನ ಕೆಂಪು ಮಹಡಿ ಬಸ್ಸುಗಳು ಬೆಂಗಳೂರಿನ ಬೀದಿಗಳಲ್ಲಿ ಪರಿಚಿತವಾದುವು. ಮೇಲಣ ಅಂತಸ್ತಿನ ಮುಂದಿನ ಪೀಠಕ್ಕಾಗಿ ಮಕ್ಕಳು ಜಗಳವಾಡಿದುದನ್ನು ಕೇಳದ ಬೆಂಗಳೂರಿಗರು ವಿರಳ. ತೊಂಬತ್ತರ ದಶಕದ ಅಂತ್ಯಕ್ಕೆ ಅವು ಮರೆಯಾದುವು.

ಏಕೆ ಮರೆಯಾದುವೆಂದರೆ ಅನೇಕರು ಮರದ ಕೊಂಬೆಗಳನ್ನೂ ತಂತಿಗಳನ್ನೂ ಮೇಲುಸೇತುವೆಗಳನ್ನೂ ದೂರುತ್ತಾರೆ. ಅದು ದಿಟವಾದರೂ ಪೂರ್ಣವಲ್ಲವೆಂದು ನಮ್ಮ ಅಭಿಪ್ರಾಯ. ಮಹಡಿ ಬಸ್ಸಿನ ನಿಜವಾದ ದೌರ್ಬಲ್ಯವು ಅದರ ಮೆಟ್ಟಿಲು. ಇಳಿಯುವವರು ಮೆಟ್ಟಿಲಿನಲ್ಲಿರುವಾಗ ಏರುವವರು ಬೀದಿಯಲ್ಲಿ ಕಾಯಬೇಕು. ಎರಡು ಅಂತಸ್ತಿಗೂ ಚೀಟಿ ಹರಿಯಲು ಮುಂಬಯಿಯಲ್ಲಿ ಇಬ್ಬರು ನಿರ್ವಾಹಕರನ್ನಿಟ್ಟಿದ್ದರು. ಆ ವೇತನವನ್ನು ಸಂಸ್ಥೆಯು ಪ್ರತಿ ದಿನವೂ ಲೆಕ್ಕಹಾಕುವುದು. ಲಂಡನ್ನಿನವರು 1956ರಿಂದ ಓಡಿಸಿದ ರೂಟ್‌ಮಾಸ್ಟರ್ ಬಸ್ಸು ಅಲ್ಯೂಮಿನಿಯಮ್ ಮೈಯದು, 64 ಪೀಠಗಳದು. ಹಿಂದೆ ತೆರೆದ ಜಗಲಿಯಿದ್ದುದರಿಂದ ಜನರು ಬೇಗ ಹತ್ತಿ ಇಳಿದರು. ಆದರೆ ಅದಕ್ಕೂ ನಿರ್ವಾಹಕನು ಬೇಕೇ ಬೇಕು. ಅಷ್ಟರಲ್ಲಿ 1958ರ ಅಟ್ಲಾಂಟಿಯನ್ ಮಾದರಿಯು ಎಂಜಿನನ್ನು ಹಿಂದಕ್ಕೆ ತಳ್ಳಿ, ಬಾಗಿಲನ್ನು ಚಾಲಕನ ಪಕ್ಕಕ್ಕೆ ತಂದಿತು. ಚೀಟಿ ಕೊಡುವ ಕೆಲಸವೂ ಕ್ರಮೇಣ ಅವನ ಪಾಲಿಗೇ ಬಿದ್ದಿತು. ಮಹಡಿಯಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯಲು ಅವನ ಮುಂದೆ ಕನ್ನಡಿಗಳನ್ನಿಟ್ಟರು. ಮೇಲೊಬ್ಬ ಮುದುಕಿಯು ಇಳಿಯಲು ಕೈಯಾಸರೆಯನ್ನು ಕೇಳಿದರೆ ಕನ್ನಡಿಯು ಅದನ್ನು ತೋರಿಸೀತು, ಕೈ ಕೊಡಲಾರದು. ರೂಟ್‌ಮಾಸ್ಟರ್ 2005ರ ಡಿಸೆಂಬರಿನಲ್ಲಿ ನಿತ್ಯಸೇವೆಯಿಂದ ನಿವೃತ್ತವಾಯಿತು. ಮುಂಬಯಿಯ ಕೊನೆಯ ಡೀಸೆಲ್ ಮಹಡಿ ಬಸ್ಸು 2023ರ ಸೆಪ್ಟೆಂಬರ್ 15ರಂದು. ಅದೇ ವರ್ಷದ ಫೆಬ್ರವರಿಯಲ್ಲಿ ಅಲ್ಲಿ ಸೇವೆಗಿಳಿದ ವಿದ್ಯುತ್ ಬಸ್ಸಿಗೆ ಎರಡು ಬಾಗಿಲುಗಳೂ ಎರಡು ಸೋಪಾನಗಳೂ ಇರುವುದನ್ನು ಕಂಡರೆ, ಹಳೆಯ ದೋಷವು ಯಾವುದೆಂಬುದು ರಚಿಸಿದವರಿಗೆ ಗೊತ್ತಿದ್ದಿತೆಂದು ತಿಳಿಯುವುದು. ಮೈಸೂರಿನ ‘ಅಂಬಾರಿ’ ಬಸ್ಸುಗಳದು ಬೇರೆಯ ಜಾತಿ: ತೆರೆದ ಮಹಡಿ, ವಿನೋದಯಾತ್ರೆ. ನಿತ್ಯದ ಕೆಲಸಗಾರನ ಬುತ್ತಿಯನ್ನು ಹೊರುವ ಬಸ್ಸುಗಳು ಅವಲ್ಲ.

ಹಾಗಾದರೆ ಹರಿಹರದ ಹಾದಿಗೆ ಮಹಡಿ ಬಸ್ಸು ಸಲ್ಲುವುದೇ? 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾದಂದಿನಿಂದಲೂ ಈ ಎರಡು ಊರುಗಳ ನಡುವೆ ದುಡಿಮೆಯ ಸಂಚಾರವುಂಟು. ಆ ಲೇತು ಯಂತ್ರಗಳ ಕಾರ್ಖಾನೆಯು ಈಗ ಮುಚ್ಚಿದ್ದರೂ ಸಂಚಾರವು ನಿಂತಿಲ್ಲ. ಬೆಳಗಿನ ಹೊತ್ತು ಒಂಬತ್ತು ಮೈಲಿಯನ್ನೂ ನಿಂತೇ ಹೋಗುವವನಿಗೆ ಒಂದು ಪೀಠವು ಸಣ್ಣ ವರವಲ್ಲ. ಆದರೆ ರೈಲುಹಾದಿಯು ದಾವಣಗೆರೆಯನ್ನು ಎರಡಾಗಿ ಸೀಳಿದೆ. ಅದರ ಕೆಳಗೆ ಹೋಗುವ ದಾರಿಗಳನ್ನು ಹದಿನಾಲ್ಕೂವರೆ ಅಡಿಯ ಗಳುವಿನಿಂದ ಮೊದಲು ಅಳೆಯಬೇಕು. ಹಳ್ಳಿಯ ನಿಲ್ದಾಣದಲ್ಲಿ ಮೂಟೆಯನ್ನು ಛಾವಣಿಗೇರಿಸುವ ವಾಡಿಕೆಯುಳ್ಳ ನಾಡಿನಲ್ಲಿ, ಛಾವಣಿಯನ್ನು ಜನರಿಗೆ ಬಿಟ್ಟುಕೊಟ್ಟರೆ ಮೂಟೆಯು ಎಲ್ಲಿ ಹೋಗಬೇಕೆಂಬುದನ್ನೂ ಆ ಮೂಟೆಯ ಒಡೆಯನನ್ನೇ ಕೇಳಬೇಕು.