ಮಸುಕು ಚಿತ್ರ, ಮೊನಚು ಮಾತು

ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ನಮ್ಮ ಐದಾರು ಮಂದಿ ಗೆಳೆಯರಿಗೆ ಫೋಟೋ ತೆಗೆಯುವ ಹುಚ್ಚು ಹಿಡಿದಿತ್ತು. ಎಲ್ಲರಿಗೂ ಸೇರಿ ಇದ್ದದ್ದು ಎರಡೇ ಕ್ಯಾಮರಾ. ಒಂದು ರೀಲು ಮುಗಿಸಿ, ತೊಳೆಸಿ, ಪ್ರಿಂಟು ಹಾಕಿಸುವ ಹೊತ್ತಿಗೆ ತಿಂಗಳ ಕಾಫಿಯ ಹಣವೆಲ್ಲ ಕರಗಿಹೋಗುತ್ತಿತ್ತು. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯ ಜಗಲಿಯಲ್ಲಿ ಕೂಡುತ್ತಿದ್ದೆವು. ಚಾಪೆಯ ಮೇಲೆ ಚಿತ್ರಗಳನ್ನು ಹರಡುವುದು, ಒಬ್ಬನ ಚಿತ್ರವನ್ನು ನೋಡಿ ಉಳಿದವರು ತಮಗೆ ತೋಚಿದ್ದನ್ನು ಹೇಳುವುದು; ಹೇಳುವವನು ಮುಚ್ಚುಮರೆ ಮಾಡಕೂಡದು, ಕೇಳುವವನು ಮುನಿಯಕೂಡದು. ಇದು ನಾವೇ ಮಾಡಿಕೊಂಡ ಕಟ್ಟಳೆ. ಅದರ ಮೊದಲರ್ಧವನ್ನು ಎಲ್ಲರೂ ಬಹು ನಿಷ್ಠೆಯಿಂದ ಪಾಲಿಸುತ್ತಿದ್ದೆವು.

ಒಂದು ಭಾನುವಾರ ಗೆಳೆಯನೊಬ್ಬ ತನ್ನ ಅಜ್ಜಿಯ ಚಿತ್ರ ತಂದ. ಆಕೆ ಒಲೆಯ ಮುಂದೆ ಕೂತು ಊದುಗೊಳವೆ ಹಿಡಿದಿದ್ದಾಳೆ. ಬೆಂಕಿಯ ಬೆಳಕು ಕೆನ್ನೆಯ ಸುಕ್ಕುಗಳ ಮೇಲೆ ಬಿದ್ದಿದೆ. ಮುಖ ಮಾತ್ರ ಮಸುಕು. ನಾನು ಆಗಷ್ಟೇ ಲೈಬ್ರರಿಯಿಂದ ಫೋಟೋಗ್ರಫಿಯ ಪುಸ್ತಕವೊಂದನ್ನು ತಂದು ಅರ್ಧ ಓದಿದ್ದೆ. ಅರ್ಧ ಓದಿದವನ ಧೈರ್ಯ ಪೂರ್ತಿ ಓದಿದವನಿಗೆ ಎಲ್ಲಿಂದ ಬರಬೇಕು? “ಕಣ್ಣಿಗೆ ಫೋಕಸ್ಸೇ ಇಲ್ಲವಲ್ಲೋ. ಮುಖದ ಚಿತ್ರದಲ್ಲಿ ಕಣ್ಣು ಮಸುಕಾದರೆ ಅದು ಚಿತ್ರವೇ ಅಲ್ಲ” ಎಂದೆ. ಅವನು “ಹೌದಾ” ಎಂದು ಚಿತ್ರವನ್ನು ಲಕೋಟೆಗೆ ಸೇರಿಸಿದ. ಮುಂದಿನ ತಿಂಗಳು ಬರಿಗೈಯಲ್ಲಿ ಬಂದ. ಅದರ ಮುಂದಿನ ತಿಂಗಳು ಬರಲಿಲ್ಲ.

ಈ ಸಂಗತಿಯನ್ನು ನಾನು ಮರೆತೇಬಿಟ್ಟಿದ್ದೆ. ಮತ್ತೆ ನೆನಪಾದದ್ದು, ಎಷ್ಟೋ ವರ್ಷಗಳ ಮೇಲೆ, ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಎಂಬ ಹೆಂಗಸಿನ ಕಥೆ ಓದುವಾಗ. ಹೆಸರಿನಲ್ಲೇ ಕ್ಯಾಮರಾ ಇದೆಯೆಂದು ನಗಬೇಡಿ. ಅದು ಗಂಡನ ಮನೆಯಿಂದ ಬಂದದ್ದು.

ಈಕೆ ಹುಟ್ಟಿದ್ದು 1815ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ. ಗಂಡ ಚಾರ್ಲ್ಸ್ ಹೇ ಕ್ಯಾಮರನ್ ಮೆಕಾಲೆಯ ಜತೆ ಕಾನೂನು ಆಯೋಗದಲ್ಲಿ ಕೂತು ದಂಡಸಂಹಿತೆಯ ಕರಡು ತಯಾರಿಸಿದವರಲ್ಲೊಬ್ಬ. 1848ರಲ್ಲಿ ಸಂಸಾರ ಇಂಗ್ಲೆಂಡಿಗೆ ಹೋಯಿತು. ಮುಂದೆ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಊರಿನಲ್ಲಿ, ಕವಿ ಟೆನಿಸನ್ನನ ನೆರೆಯಲ್ಲಿ ನೆಲೆಸಿತು. 1863ರ ಕೊನೆಗೆ, ಗಂಡ ಸಿಂಹಳದ ತೋಟ ನೋಡಿಕೊಳ್ಳಲು ಹೋಗಿದ್ದಾಗ, ತಾಯಿಗೆ ಬೇಸರ ಕಳೆಯಲೆಂದು ಮಗಳೂ ಅಳಿಯನೂ ಒಂದು ಕ್ಯಾಮರಾ ತಂದುಕೊಟ್ಟರು. ಆಕೆಗೆ ಆಗ 48 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಕಾಶಿಯಾತ್ರೆಯ ಮಾತು ಶುರುವಾಗುತ್ತಿತ್ತು.

ಕಲ್ಲಿದ್ದಲಿನ ಕೋಣೆ ಕತ್ತಲೆಕೋಣೆಯಾಯಿತು. ಕೋಳಿಗೂಡು ಗಾಜಿನ ಮನೆಯಾಯಿತು. ಕೋಳಿಗಳಿಗೆ ಬಿಡುಗಡೆಯಾಯಿತೆಂದೂ ಅವನ್ನು ಯಾರೂ ತಿನ್ನಲಿಲ್ಲವೆಂದು ತಾನು ನಂಬಿರುವುದಾಗಿಯೂ ಆಕೆ ತನ್ನ ನೆನಪಿನ ಬರಹದಲ್ಲಿ ಹೇಳಿಕೊಂಡಿದ್ದಾಳೆ. ಆಗಿನ ಕೆಲಸ ಇಂದಿನಂತೆ ಗುಂಡಿ ಒತ್ತುವುದಲ್ಲ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರವ ಸುರಿದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಒಣಗುವುದರೊಳಗೆ ಚಿತ್ರ ತೆಗೆದು, ತೊಳೆದು ಮುಗಿಸಬೇಕು. ಎದುರಿಗೆ ಕೂತವರು ನಿಮಿಷಗಟ್ಟಲೆ ಅಲುಗಾಡಬಾರದು. ರೈತನೊಬ್ಬನಿಗೆ ಗಂಟೆಗೆ ಅರ್ಧ ಕ್ರೌನು ಕೊಟ್ಟು ಕೂರಿಸಿ ತೆಗೆದ ಆಕೆಯ ಮೊದಲ ಚಿತ್ರ, ಹಸಿಯಿದ್ದ ಕಡೆಗೆ ಆಕೆಯದೇ ಕೈ ತಗಲಿ ಅಳಿಸಿಹೋಯಿತು. 1864ರ ಜನವರಿಯಲ್ಲಿ ಆನಿ ಎಂಬ ಪುಟ್ಟ ಹುಡುಗಿಯ ಚಿತ್ರ ಕೈಗೆ ಹತ್ತಿತು. ಅದನ್ನು ಅದೇ ದಿನ ಅಚ್ಚು ಹಾಕಿ, ಚೌಕಟ್ಟು ಕಟ್ಟಿ, ಹುಡುಗಿಯ ತಂದೆಗೆ ಒಪ್ಪಿಸಿದಳು. ಇದು ತನ್ನ ಮೊದಲ ಗೆಲುವೆಂದು ಬರೆದಿಟ್ಟಳು.

ಆ ಚಿತ್ರಗಳೆಲ್ಲ ಒಂದಿಷ್ಟು ಮಸುಕು. ಆಕೆ ಮಸೂರವನ್ನು ತಿರುಗಿಸುತ್ತ ಹೋಗುವಳು; ಕಣ್ಣಿಗೆ ಸೊಗಸೆನಿಸಿದ ಕಡೆ ನಿಲ್ಲಿಸಿಬಿಡುವಳು. ಬೇರೆ ಛಾಯಾಗ್ರಾಹಕರು ಅಲ್ಲಿಂದ ಇನ್ನೂ ಮುಂದಕ್ಕೆ ತಿರುಗಿಸಿ, ಗೆರೆಗೆರೆಯೂ ಚೊಕ್ಕಟವಾಗುವವರೆಗೆ ಬಿಡುತ್ತಿರಲಿಲ್ಲ. ಮೊದಮೊದಲು ಇದು ಆಕಸ್ಮಿಕವಾಗಿ ಆದದ್ದೆಂದು ಆಕೆಯೇ ಒಪ್ಪಿಕೊಂಡಿದ್ದಾಳೆ.

ಅದೇ ವರ್ಷದ ಬೇಸಿಗೆಯಲ್ಲಿ ಆ ದ್ವೀಪಕ್ಕೆ ಇನ್ನೊಬ್ಬ ಹವ್ಯಾಸಿ ಬಂದ. ಹೆಸರು ಚಾರ್ಲ್ಸ್ ಡಾಜ್‌ಸನ್, ಆಕ್ಸ್‌ಫರ್ಡಿನ ಗಣಿತದ ಮೇಷ್ಟ್ರು. ಮರುವರ್ಷವೇ ಲೂಯಿ ಕ್ಯಾರೊಲ್ ಎಂಬ ಹೆಸರಿನಲ್ಲಿ ‘ಆಲಿಸ್’ ಕಥೆಯನ್ನು ಪ್ರಕಟಿಸಿದವನು, ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ಯ ಮೂಲಪುರುಷ. ಒಂದು ಸಂಜೆ ಇಬ್ಬರೂ ತಂತಮ್ಮ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು. ನಮ್ಮ ಜಗಲಿಯ ಚಾಪೆಯಂಥದೇ ಸಭೆ, ಸದಸ್ಯರು ಮಾತ್ರ ಇಬ್ಬರೇ. ಡಾಜ್‌ಸನ್ನನ ಚಿತ್ರಗಳು ಅವನ ಗಣಿತದಷ್ಟೇ ಚೊಕ್ಕಟ. ಆತ ತಂಗಿಗೆ ಬರೆದ ಕಾಗದದ ಪ್ರಕಾರ, ಆಕೆಯ ಚಿತ್ರಗಳೆಲ್ಲ ಬೇಕೆಂದೇ ಮಸುಕಾಗಿ ತೆಗೆದವು; ಕೆಲವು ಸೊಗಸು, ಕೆಲವು ಬರಿಯ ವಿಕಾರ; ಆದರೆ ಆಕೆ ಎಲ್ಲವನ್ನೂ ಕಲೆಯ ದಿಗ್ವಿಜಯಗಳೆಂಬಂತೆ ಮಾತಾಡುತ್ತಾಳೆ. ‘ನೀವು ಚಿತ್ರ ತೆಗೆದ ಜನ ನನಗೆ ಸಿಕ್ಕಿದ್ದರೆ ಮಸುಕಾಗಿ ತೆಗೆಯುತ್ತಿದ್ದೆನಲ್ಲಾ’ ಎಂದು ಆಕೆ ಹಂಬಲಿಸಿದಳಂತೆ. ಆಕೆಯ ಕೆಲವು ಜನರ ವಿಷಯದಲ್ಲಿ ಈತನೂ ಅಂಥದೇ ಆಸೆಯನ್ನು ತಿರುವಿ ಹೇಳಿದನಂತೆ. ನನಗೆ ಈ ಸಂಜೆ ಬಹಳ ಇಷ್ಟ. ಇಬ್ಬರೂ ಸೋಲಲಿಲ್ಲ, ಇಬ್ಬರೂ ಕಲಿಯಲಿಲ್ಲ, ಇಬ್ಬರೂ ಮುನಿಯಲೂ ಇಲ್ಲ. ‘ವಿಕಾರ’ ಎಂಬ ಮಾತನ್ನು ಮಾತ್ರ ಆತ ತಂಗಿಗೆ ಬರೆದ ಕಾಗದಕ್ಕೆ ಉಳಿಸಿಕೊಂಡನೆಂದು ಕಾಣುತ್ತದೆ. ನಾವೆಲ್ಲ ಮಾಡುವುದು ಅದನ್ನೇ ಅಲ್ಲವೇ?

ಲಂಡನ್ನಿನ ಛಾಯಾಗ್ರಾಹಕರ ಸಂಘದವರಿಗೆ ಅಷ್ಟು ದಾಕ್ಷಿಣ್ಯವಿರಲಿಲ್ಲ. 1864ರಲ್ಲಿ ಆಕೆ ಆ ಸಂಘದ ಸದಸ್ಯೆಯಾಗಿ ಪ್ರದರ್ಶನಗಳಿಗೆ ಚಿತ್ರ ಕಳಿಸತೊಡಗಿದಳು. 1865ರ ಫೆಬ್ರವರಿಯಲ್ಲಿ ಸಂಘದ ಪತ್ರಿಕೆ ತೀರ್ಪು ಕೊಟ್ಟಿತು: ಈಕೆಯ ದಿಟ್ಟತನವೂ ಹೊಸತನವೂ ಮೆಚ್ಚತಕ್ಕವು, ಆದರೆ ಛಾಯಾಗ್ರಹಣದ ಉಳಿದೆಲ್ಲ ಗುಣಗಳನ್ನೂ ಅದಕ್ಕಾಗಿ ಬಲಿಕೊಟ್ಟಿದ್ದಾಳೆ, ಈ ಕಲೆಯಲ್ಲಿ ಒಳ್ಳೆಯದೇನಿದೆಯೋ ಅದನ್ನು ಕಡೆಗಣಿಸಿ ಕೊರತೆಗಳನ್ನೇ ಎತ್ತಿ ತೋರಿಸಿದ್ದಾಳೆ. ಒಬ್ಬ ಮಹಿಳೆಯ ಕೃತಿಯನ್ನು ಕುರಿತು ಇಷ್ಟು ಕಟುವಾಗಿ ಬರೆಯಬೇಕಾಯಿತಲ್ಲ ಎಂಬ ವಿಷಾದವನ್ನೂ ಸೇರಿಸಿ, ಕಲೆಯ ಹಿತಕ್ಕಾಗಿ ಬರೆಯದೆ ವಿಧಿಯಿಲ್ಲ ಎಂದಿತು. ಹೊಡೆಯುವ ಮುಂಚೆ ಕೈಮುಗಿಯುವ ಈ ಪದ್ಧತಿ ವಿಮರ್ಶಕರಲ್ಲಿ ಬಹಳ ಹಳೆಯದು.

ಸಂಘದವರು ಸುಳ್ಳಾಡಿದರೆ? ಹಾಗೆ ಹೇಳಲಾರೆ. ಆಕೆಯ ಹಲಗೆಗಳ ಮೇಲೆ ದೂಳು ಕೂತಿದೆ, ಬೆರಳ ಗುರುತು ಇದೆ, ದ್ರವ ಹರಿದ ಗೆರೆ ಇದೆ. ಬೇರೆಯವರು ಒಡೆದು ಎಸೆಯುತ್ತಿದ್ದ ಗಾಜಿನಿಂದ ಆಕೆ ಅಚ್ಚು ಹಾಕಿ ಗೋಡೆಗೆ ತೂಗಿದ್ದಾಳೆ. ಅವರು ಕಂಡದ್ದು ಕಂಡಂತೆಯೇ ಹೇಳಿದರು. ಆದರೆ ಅವರು ಎರಡು ಬೇರೆ ಸಂಗತಿಗಳನ್ನು ಒಂದೇ ತಕ್ಕಡಿಗೆ ಹಾಕಿದರು: ಬೆರಳ ಗುರುತು ಅಜಾಗರೂಕತೆ; ಮಸುಕು ಆಯ್ಕೆ. ನಮ್ಮ ಆಲಂಕಾರಿಕರು ದೋಷವಿಚಾರ ಮಾಡುವಾಗ ಇಂಥ ಬೆರಕೆ ಆಗದಂತೆ ಎಷ್ಟು ಎಚ್ಚರ ವಹಿಸಿದರು! ಒಂದು ಕಡೆ ದೋಷವಾದದ್ದು ಇನ್ನೊಂದು ಕಡೆ ಗುಣವಾದೀತೆಂಬುದು ಅವರಿಗೆ ಗೊತ್ತಿತ್ತು. ಕಣ್ಣಿನ ಕಾಡಿಗೆ ಆ ಕಣ್ಣಿಗೇ ಕಾಣದಂತೆ ತನ್ನ ತಪ್ಪು ತನಗೆ ಕಾಣದೆಂಬ ಹೋಲಿಕೆ ‘ಕವಿರಾಜಮಾರ್ಗ’ದಲ್ಲೇ ಇದೆ. ಅದನ್ನು ತರಗತಿಯಲ್ಲಿ ವಿವರಿಸುವಾಗ ಕಾಡಿಗೆ ಹಚ್ಚಿಕೊಂಡದ್ದು ಅಂದಕ್ಕಾಗಿ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಕಟುವಾಗಿ ಬರೆದವರಲ್ಲಿ ಹೆನ್ರಿ ಪೀಚ್ ರಾಬಿನ್‌ಸನ್ ಒಬ್ಬ. 1869ರ ಪುಸ್ತಕದಲ್ಲಿ, ಮಸಿ ಬಳಿದಂಥ ಚಿತ್ರ ತೆಗೆಯುವುದು ಛಾಯಾಗ್ರಹಣದ ಕೆಲಸವಲ್ಲ ಎಂದ. ಈತನೇ 1858ರಲ್ಲಿ ಐದು ನೆಗೆಟಿವ್‌ಗಳನ್ನು ಜೋಡಿಸಿ, ಸಾಯುತ್ತಿರುವ ಹುಡುಗಿಯೊಬ್ಬಳ ಚಿತ್ರ ಮಾಡಿ, ಇಷ್ಟು ಸಂಕಟದ ವಿಷಯ ಕ್ಯಾಮರಾಕ್ಕೆ ತಕ್ಕದ್ದಲ್ಲವೆಂದು ಬೈಸಿಕೊಂಡಿದ್ದವನು. ಅತ್ತೆಯ ಕೈಯಲ್ಲಿ ನೊಂದ ಸೊಸೆ ತಾನು ಅತ್ತೆಯಾದಾಗ ಏನು ಮಾಡುತ್ತಾಳೆಂಬುದು ನಮಗೆ ಹೊಸದಲ್ಲ.

ನಮ್ಮ ದೇಶದಲ್ಲೂ ಆ ಕಾಲಕ್ಕಾಗಲೇ ಇಂಥ ಸಂಘಗಳಿದ್ದವು: ಮುಂಬಯಿಯಲ್ಲಿ 1854ರಲ್ಲಿ, ಕಲ್ಕತ್ತೆಯಲ್ಲಿ 1856ರಲ್ಲಿ. ಬೆಂಗಳೂರಿನ ದಂಡಿನಲ್ಲಿದ್ದ ಲಿನಿಯಸ್ ಟ್ರೈಪ್ ಎಂಬ ಅಧಿಕಾರಿ ಹಳೇಬೀಡು ಬೇಲೂರುಗಳಲ್ಲಿ ತೆಗೆದ ಚಿತ್ರಗಳು 1855ರ ಮದರಾಸಿನ ಪ್ರದರ್ಶನದಲ್ಲಿ ತೀರ್ಪುಗಾರರ ಮೆಚ್ಚಿಗೆ ಪಡೆದಿದ್ದವು. ಕಲ್ಕತ್ತೆಯ ಸಂಘದ ಕಥೆ ಅಷ್ಟು ಸವಿಯಲ್ಲ. ವಿದ್ವಾಂಸ ರಾಜೇಂದ್ರಲಾಲ ಮಿತ್ರರು ಅದರ ಖಜಾಂಚಿಯಾಗಿದ್ದರು. 1857ರಲ್ಲಿ ಸಾರ್ವಜನಿಕ ಸಭೆಯೊಂದರಲ್ಲಿ ನೀಲಿತೋಟದ ಬಿಳಿಯರ ದಬ್ಬಾಳಿಕೆಯನ್ನು ಖಂಡಿಸಿದರೆಂದು ಅವರನ್ನು ಸಂಘದಿಂದಲೇ ಹೊರಹಾಕಿದರು. ನೆರಳು ಬೆಳಕಿನ ವಿಷಯದಲ್ಲಿ ಎಷ್ಟಾದರೂ ನಿಜ ಹೇಳಬಹುದಿತ್ತು. ನೆಲದ ವಿಷಯದಲ್ಲಿ ಕೂಡದು.

ಕ್ಯಾಮರನ್‌ಳ ಕಡೆಗೆ ಬರೋಣ. ಸಂಘದವರ ಟೀಕೆ ಎಷ್ಟು ನಿರ್ದಯವೂ ಅನ್ಯಾಯವೂ ಆಗಿತ್ತೆಂದರೆ ಅದಕ್ಕೆ ತಾನು ಕಿವಿಗೊಡುವ ಪ್ರಮೇಯವೇ ಬರಲಿಲ್ಲ ಎಂಬ ಅರ್ಥದಲ್ಲಿ ಆಕೆ ಮುಂದೆ ಬರೆದುಕೊಂಡಳು. ಇದನ್ನು ಪೂರ್ತಿ ನಂಬಬೇಕಾಗಿಲ್ಲ. ನೋಯದವರು ಹತ್ತು ವರ್ಷದ ಮೇಲೆ ಅದನ್ನು ನೆನೆಯುವುದಿಲ್ಲ. 1864ರ ಕೊನೆಯ ದಿನ ಹಳೆಯ ಸ್ನೇಹಿತ ಸರ್ ಜಾನ್ ಹರ್ಷೆಲ್‌ಗೆ ಬರೆದ ಕಾಗದದಲ್ಲಿ, ಫೋಕಸ್ ಎಂದರೇನು, ಯಾವುದು ಸರಿಯಾದ ಫೋಕಸ್ ಎಂದು ಹೇಳುವ ಹಕ್ಕು ಯಾರಿಗಿದೆ ಎಂದು ಕೇಳಿದ್ದಾಳೆ. ನೊಂದವಳ ಪ್ರಶ್ನೆ ಅದು. ಆದರೆ ಒಳ್ಳೆಯ ಪ್ರಶ್ನೆ.

ಈ ಹರ್ಷೆಲ್ ಸಾಮಾನ್ಯನಲ್ಲ. ಖಗೋಳ ವಿಜ್ಞಾನಿ, ಫೋಟೋ ಮಾಸದಂತೆ ನಿಲ್ಲಿಸುವ ‘ಹೈಪೋ’ದ ಗುಣವನ್ನು ಕಂಡುಹಿಡಿದವನು. 1836ರಲ್ಲಿ ಕೇಪ್ ಪ್ರಾಂತದಲ್ಲಿ ಇಬ್ಬರಿಗೂ ಪರಿಚಯ. ಛಾಯಾಗ್ರಹಣವೆಂಬುದೊಂದು ಹುಟ್ಟಿದೆ ಎಂಬ ಸುದ್ದಿಯನ್ನು ಕಲ್ಕತ್ತೆಯಲ್ಲಿದ್ದ ಆಕೆಗೆ ಕಾಗದದ ಮೂಲಕ ಮುಟ್ಟಿಸಿದವನೇ ಆತ. ಆತನ ವಿಮರ್ಶೆಯ ರೀತಿ ನೋಡಿ. ಆಕೆ ಬಳಸುತ್ತಿದ್ದ ಪೊಟಾಸಿಯಂ ಸಯನೈಡ್ ಘೋರ ವಿಷ, ಕೈ ಜೋಪಾನ ಎಂದು ಎಚ್ಚರಿಸಿದ. ಚಿತ್ರದ ಮಾತಿಗಿಂತ ಮೊದಲು ಚಿತ್ರ ತೆಗೆಯುವ ಕೈಯ ಮಾತು! 1866ರಲ್ಲಿ ಆಕೆ ಕಳಿಸಿದ ಹೆಣ್ಣುಮುಖವೊಂದನ್ನು ಕಂಡು, ಅದು ಜೀವಂತವಾಗಿ ಕಾಗದದಿಂದ ತಲೆಯನ್ನು ಹೊರಗೆ ಚಾಚಿದೆ ಎಂದು ಮನಸಾರೆ ಹೊಗಳಿದ. ಅದೇ ಉಸಿರಿನಲ್ಲಿ, ಆ ಹುಡುಗಿ ಈಗಷ್ಟೇ ಕಟ್ಟು ಬಿಚ್ಚಿಸಿಕೊಂಡು ಬೆದರಿದವಳಂತಿದ್ದಾಳೆ ಎಂದೂ ಸೇರಿಸಿದ. ಚಿತ್ರದ ಹೆಸರು ಸ್ವಾತಂತ್ರ್ಯದೇವಿ. ಹೊಗಳಿಕೆಯೋ ಕೊಂಕೋ? ಎರಡೂ ಇರಬೇಕು. ಆಕೆ ಆ ಕಾಗದವನ್ನು ಜೋಪಾನವಾಗಿಟ್ಟುಕೊಂಡು ತನ್ನ ನೆನಪಿನ ಬರಹದಲ್ಲಿ ಸೇರಿಸಿದಳು. 1867ರಲ್ಲಿ ಆತನ ಚಿತ್ರ ತೆಗೆಯುವಾಗ ಮುದುಕನ ಬಿಳಿಗೂದಲನ್ನು ತೊಳೆಸಿ ಕೆದರಿಸಿದಳೆಂದು ಹೇಳುತ್ತಾರೆ. ಆ ಚಿತ್ರವನ್ನು ಕಂಡವರು ಮರೆಯುವುದಿಲ್ಲ.

ಇನ್ನೊಬ್ಬ ಗೆಳೆಯ ಚಿತ್ರಕಾರ ಜಿ. ಎಫ್. ವಾಟ್ಸ್. ಆಕೆ ಒಳ್ಳೆಯ ಅಚ್ಚುಗಳನ್ನು ಆರಿಸಿ, ರಟ್ಟಿಗೆ ಅಂಟಿಸಿ ಆತನಿಗೆ ಕಳಿಸುತ್ತಿದ್ದಳು. ಆತ ಕಾಗದ ಬರೆದ: ಬೆಲೆಬಾಳುವ ಪ್ರತಿಗಳು ಬೇಡ, ಕೆಟ್ಟಿರುವ, ರಟ್ಟಿಗೆ ಅಂಟಿಸದ ಪ್ರತಿಗಳನ್ನೇ ಕಳಿಸು, ಗುಣ ಅಳೆಯುವುದಕ್ಕೆ ನನಗೆ ಅವೇ ಸಾಕು, ನಿನ್ನ ಹಣ ಕಿತ್ತುಕೊಂಡಂತೆಯೂ ಆಗುವುದಿಲ್ಲ. ಅಧ್ಯಾಪಕನಾಗಿ ನಾನು ಈ ಕಾಗದದ ಮುಂದೆ ಬಹಳ ಹೊತ್ತು ನಿಂತೆ. ಇಷ್ಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗಾದರೂ ‘ನೀನು ಹೊಡೆದುಹಾಕಿದ ಕವಿತೆ ತಾ, ನೋಡೋಣ’ ಎಂದಿದ್ದೇನೆಯೇ?

ಆಕೆಯ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು 1869ರ ಒಂದು ಸಣ್ಣ ಘಟನೆ. ಅಷ್ಟು ಹೊತ್ತಿಗೆ ಆಕೆಗೆ ಬರ್ಲಿನ್ನಿನಲ್ಲಿ 1865ರಲ್ಲಿ ಕಂಚಿನ ಪದಕ, ಮರುವರ್ಷ ಚಿನ್ನದ ಪದಕ ಬಂದಿದ್ದವು. ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ ವಸ್ತುಸಂಗ್ರಹಾಲಯ ಚಿತ್ರಗಳನ್ನು ಕೊಂಡು, 1868ರಲ್ಲಿ ಕೆಲಸಕ್ಕೆ ಎರಡು ಕೋಣೆಗಳನ್ನೂ ಬಿಟ್ಟುಕೊಟ್ಟಿತ್ತು. ಇನ್ನು ಆ ಸಂಘದ ಹಂಗೇಕೆ? ಆದರೆ ಆಕೆಯ ನೆಗೆಟಿವ್‌ಗಳ ಮೇಲೆ ಜೇನುಗೂಡಿನಂಥ ಬಿರುಕು ಬೀಳತೊಡಗಿತ್ತು. ಆಕೆ ಅದೇ ಸಂಘದವರ ಮುಂದೆ ಹೋಗಿ ಏನು ಮಾಡಲೆಂದು ಕೇಳಿದಳು. ಸಮುದ್ರದ ತೇವ ಕಾರಣವೆಂದರು ಕೆಲವರು, ಸರಿಯಾಗಿ ತೊಳೆಯದ್ದೇ ಕಾರಣವೆಂದರು ಕೆಲವರು. ತನ್ನನ್ನು ತೂಕವಿಲ್ಲದವಳೆಂದವರ ಹತ್ತಿರ, ಅವರಿಗೆ ನಿಜವಾಗಿ ತಿಳಿದಿದ್ದ ವಿಷಯಕ್ಕೆ, ಆಕೆ ಕೈಯೊಡ್ಡಿದಳು. ಮಸುಕನ್ನು ಮಾತ್ರ ಬಿಡಲಿಲ್ಲ.

1875ರಲ್ಲಿ ಗಂಡಹೆಂಡಿರು ಸಿಂಹಳಕ್ಕೆ ಹೊರಟರು. ಸತ್ತರೆ ಬೇಕಾದೀತೆಂದು ಶವದ ಪೆಟ್ಟಿಗೆಗಳನ್ನೂ ಜತೆಗೆ ಒಯ್ದರಂತೆ. ಆಕೆ 1879ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು. 1926ರಲ್ಲಿ, ಆಕೆಯ ತಂಗಿಯ ಮೊಮ್ಮಗಳಾದ ವರ್ಜೀನಿಯಾ ವುಲ್ಫ್ ಆ ಚಿತ್ರಗಳ ಪುಸ್ತಕವೊಂದನ್ನು ಹೊರತಂದಳು. ಈಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಎಂದು ಹೆಸರಾದ ಅದೇ ವಸ್ತುಸಂಗ್ರಹಾಲಯ 2015ರಲ್ಲಿ ಆಕೆಯ ಇನ್ನೂರನೆಯ ವರ್ಷದ ಪ್ರದರ್ಶನ ನಡೆಸಿದಾಗ, ವಾಟ್ಸ್‌ನ ಬಳಿ ಇದ್ದವೆಂದು ನಂಬಲಾದ ಆ ‘ಕೆಟ್ಟ ಪ್ರತಿ’ಗಳನ್ನೂ ಜನರ ಮುಂದಿಟ್ಟಿತು.

ಇದನ್ನೆಲ್ಲ ಓದಿದ ಮೇಲೆ ನಾನು ಹಳೆಯ ಗೆಳೆಯನ ಮನೆ ಹುಡುಕಿಕೊಂಡು ಹೋದೆ. ಕಾಫಿ ಮುಗಿದ ಮೇಲೆ ಅಜ್ಜಿಯ ಚಿತ್ರದ ಮಾತೆತ್ತಿದೆ. ಅವನು ಒಳಗೆ ಹೋಗಿ ತಂದ. ಅದೇ ಲಕೋಟೆ, ಮೂಲೆ ಮಾತ್ರ ಹಳದಿಯಾಗಿತ್ತು. ತಿರುಗಿಸಿ ತಿರುಗಿಸಿ ನೋಡಿದೆ. ಕ್ಷಮೆ ಕೇಳಲು ಹೋದವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಕಣ್ಣು ಈಗಲೂ ಮಸುಕಾಗಿಯೇ ಇದೆ ಕಣೋ” ಎಂದೆ.

ಅವನು ನಕ್ಕ. “ಹಸಿಸೌದೆಯ ಹೊಗೆ ಕಣಯ್ಯಾ ಅದು. ಆ ಹೊತ್ತಿನಲ್ಲಿ ಅಜ್ಜಿಗೂ ಏನೂ ಕಾಣುತ್ತಿರಲಿಲ್ಲ. ನೀನು ಅವತ್ತು ಕೇಳಲೇ ಇಲ್ಲ.”