ಮರಿ ಇಲ್ಲ, ಮದ ಇದೆ: ವಿಕಿರಣ ಮತ್ತು ಹಾರ್ಮೋನಿನ ಕಥೆ

ಹಿರೇಗುತ್ತಿ ಇರೋದು ಕುಮಟಾ ತಾಲೂಕಿನಲ್ಲಿ, ಕೈಗಾ ಕಾರವಾರ ತಾಲೂಕಿನಲ್ಲಿ. ಜಿಲ್ಲೆ ಒಂದೇ. 1989ರಲ್ಲಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರ ಬೇಡ ಅಂತ ಲೋಕಸಭಾ ಚುನಾವಣೆಗೇ ನಿಂತರು, ಸೋತರು. 2000ದಲ್ಲಿ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಶುರುಮಾಡಿದವು. ಇಂಥ ಜಿಲ್ಲೆಯಲ್ಲಿ ಒಂದು ಪ್ರಶ್ನೆ ಸಹಜ: ವಿಕಿರಣ ತಾಗಿದರೆ ದನಕರು ಗಬ್ಬ ಆಗೋದಿಲ್ವಾ?

ಉತ್ತರಕ್ಕೆ 1903ರ ಜರ್ಮನಿಗೆ ಹೋಗೋಣ. ಹ್ಯಾಂಬರ್ಗಿನ ವೈದ್ಯ ಆಲ್ಬರ್ಸ್-ಶೋನ್‌ಬರ್ಗ್ ಗಂಡು ಮೊಲ, ಗಿನಿಯಿಲಿಗಳ ಮೇಲೆ ಎಕ್ಸ್-ರೇ ಹಾಯಿಸಿದರು. ಅವಕ್ಕೆ ಮರಿ ಹುಟ್ಟಿಸುವ ಶಕ್ತಿ ಹೋಯ್ತು. ಆದರೆ ಹೆಣ್ಣಿನ ಬೆನ್ನು ಹತ್ತೋದು ಮಾತ್ರ ನಿಲ್ಲಲಿಲ್ಲ!

ಇದು ಯಾಕೆ ವಿಚಿತ್ರ? ಹೋರಿಯ ಬೀಜ ಒಡೆಸಿದರೆ ಏನಾಗತ್ತೆ ಅಂತ ಹಳ್ಳಿಯವರಿಗೆ ಗೊತ್ತು. ಕರುವೂ ಇಲ್ಲ, ಮದವೂ ಇಲ್ಲ, ಎತ್ತು ಸಾಧುವಾಗತ್ತೆ. ಎಕ್ಸ್-ರೇ ಮಾತ್ರ ಈ ಎರಡನ್ನೂ ಬೇರೆ ಬೇರೆ ಮಾಡಿ ತೋರಿಸಿತು.

ಕಾರಣ ವೃಷಣದೊಳಗಿದೆ. ಅಲ್ಲಿ ವೀರ್ಯಾಣು ತಯಾರಿಸುವ ಜೀವಕೋಶಗಳು ಬೇರೆ, ಹಾರ್ಮೋನು ತಯಾರಿಸುವ ಲೇಡಿಗ್ ಕೋಶಗಳು ಬೇರೆ. ಬೋರ್ಡೋದ ಬೆರ್ಗೋನಿಯೆ, ಟ್ರಿಬೊಂಡೊ ಇಲಿಗಳನ್ನು ಪರೀಕ್ಷಿಸಿ 1906ರಲ್ಲಿ ಹೇಳಿದ್ದು ಇಷ್ಟು: ಬೇಗ ಬೇಗ ವಿಭಜನೆಯಾಗುವ ಜೀವಕೋಶಕ್ಕೆ ವಿಕಿರಣದ ಪೆಟ್ಟು ಜಾಸ್ತಿ. ವೀರ್ಯಾಣುವಿನ ತಾಯಿಕೋಶಗಳು ಅಂಥವು. ಲೇಡಿಗ್ ಕೋಶಗಳು ನಿಧಾನಿಗಳು, ಹಾಗಾಗಿ ಉಳಿದುಕೊಂಡವು. ಅವು ತಯಾರಿಸುವ ಟೆಸ್ಟೋಸ್ಟೆರೋನ್ ಶುದ್ಧ ರೂಪದಲ್ಲಿ ಕೈಗೆ ಸಿಕ್ಕಿದ್ದು 1935ರಲ್ಲಿ, ಹೋರಿಗಳ ವೃಷಣದಿಂದಲೇ.

ಹೆಣ್ಣಿನ ಕಥೆ ಬೇರೆ. ಅಂಡಾಶಯದಲ್ಲಿ ಈಸ್ಟ್ರೋಜೆನ್ ತಯಾರಿಸೋದು ಬೆಳೆಯುತ್ತಿರುವ ಅಂಡದ ಸುತ್ತಲಿನ ಜೀವಕೋಶಗಳು. ಅಂಡ ಸತ್ತರೆ ಅವೂ ಹೋಗ್ತವೆ. ಅದಕ್ಕೇ ಕಿಬ್ಬೊಟ್ಟೆಗೆ ರೇಡಿಯೇಷನ್ ಚಿಕಿತ್ಸೆ ಪಡೆದ ಕೆಲವು ಹೆಂಗಸರಿಗೆ ಮುಟ್ಟು ಅಕಾಲದಲ್ಲೇ ನಿಲ್ಲತ್ತೆ. ಅಂಥ ಚಿಕಿತ್ಸೆಗೆ ಮುಂಚೆ ಈ ವಿಷಯ ವೈದ್ಯರ ಹತ್ರ ಕೇಳಲೇಬೇಕು.

ಈಗ ಪ್ರಮಾಣ ನೋಡಿ. ಮನುಷ್ಯರಲ್ಲಿ ಒಮ್ಮೆಲೇ ಸುಮಾರು 0.15 ಗ್ರೇ ವಿಕಿರಣ ತಾಗಿದರೆ ವೀರ್ಯಾಣು ತಾತ್ಕಾಲಿಕವಾಗಿ ಕುಸಿಯತ್ತೆ. ದೊಡ್ಡವರ ಲೇಡಿಗ್ ಕೋಶ ಕೆಡಲು ಸಾಮಾನ್ಯವಾಗಿ 20 ಗ್ರೇಗಿಂತ ಹೆಚ್ಚು ಬೇಕು. ಅಣುಸ್ಥಾವರದಿಂದ ಜನರಿಗೆ ತಾಗಬಹುದಾದ ವಿಕಿರಣದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಅಂದ್ರೆ ಆ 0.15 ಗ್ರೇಯ ಸುಮಾರು 150ನೇ ಒಂದು ಪಾಲು.

ಹಾಗಾದರೆ ನೆಮ್ಮದಿಯಾಗಿ ಇರಬಹುದಾ? ಮಿತಿ ಕಾಗದದ ಮೇಲಿದ್ದರೆ ಸಾಲದು. ಅಳೀಬೇಕು, ಅಳೆದದ್ದನ್ನು ಜನರಿಗೆ ಹೇಳಬೇಕು. ಆಲ್ಬರ್ಸ್-ಶೋನ್‌ಬರ್ಗ್ ಅವರೇ ಎಕ್ಸ್-ರೇ ಗಾಯದಿಂದ ತಮ್ಮ ಎಡಗೈ ಕಳೆದುಕೊಂಡರು. ಅವರ ಕಾಲದಲ್ಲಿ ಮಿತಿ ಅನ್ನೋದೇ ಇರಲಿಲ್ಲ. ನಮಗೆ ಇದೆ. ಅದನ್ನು ಕೇಳೋದು ನಮ್ಮ ಕೆಲಸ.